ಟೂ-ಟೂ ರೈಫಲ್ ಕೈಗೆ ಬರುವ ತನಕ

ಅರ್ಜಿ ಕೊಟ್ಟದ್ದು ಜೂನ್ ಮೊದಲ ವಾರ. ರೈಫಲ್ ಮನೆಯ ಕಬ್ಬಿಣದ ಪೆಟ್ಟಿಗೆ ಸೇರಿದ್ದು ಮಾರ್ಚ್ ಕೊನೆಗೆ. ನಡುವೆ ಬಾಗಲಕೋಟೆ ನವನಗರದ ಡಿಸಿ ಆಫೀಸಿಗೆ ಹನ್ನೊಂದು ಸಲ, ಬೆಳಗಾವಿಗೆ ಆರು ಸಲ ಓಡಾಟ. ಇದರಲ್ಲಿ ಅರ್ಧ ಓಡಾಟ ತಿಳಿಯದೆ ಮಾಡಿಕೊಂಡದ್ದು. ಗುರಿ ಹೊಡೆಯುವ ಹವ್ಯಾಸಕ್ಕೆಂದು .22, ಅಂದರೆ ಟೂ-ಟೂ, ಬೋಲ್ಟ್ ರೈಫಲ್ (ಹಿಂದಿನ ಅಗುಳಿಯಂಥ ಬೋಲ್ಟನ್ನು ಕೈಯಿಂದ ಎಳೆದು ಒಂದೊಂದೇ ಗುಂಡು ಏರಿಸುವಂಥದ್ದು) ಕೊಳ್ಳಬೇಕು ಅಂತಿರುವವರಿಗೆ ಆ ಅರ್ಧವಾದರೂ ಉಳಿಯಲಿ ಅಂತ ಬರೆದಿದ್ದೇನೆ.

ಎಲ್ಲರೂ ಮೊದಲು ಕೇಳುವುದು ಯಾವ ಕಂಪನಿ ಚಲೋ ಅಂತ. ಆ ಪ್ರಶ್ನೆಯ ಸರದಿ ಬಂದದ್ದು ಏಳನೇ ತಿಂಗಳಲ್ಲಿ. ಅದಕ್ಕೂ ಮೊದಲು ರೇಂಜ್ ಎಲ್ಲಿದೆ, ಕಾಡತೂಸು ಯಾವುದು ಸಿಗುತ್ತದೆ, ಲೈಸನ್ಸ್ ಎಲ್ಲಿಯ ತನಕ ನಡೆಯುತ್ತದೆ ಎಂಬ ಮೂರು ಇತ್ಯರ್ಥವಾಗಬೇಕು. ಅವು ಮುಗಿಯುವ ಹೊತ್ತಿಗೆ ರೈಫಲ್ ಮುಕ್ಕಾಲು ಆರಿಸಿಯೇ ಆಗಿರುತ್ತದೆ.

ಹೊಲದಾಗ ಹೊಡೆದರಾಯ್ತು ಬಿಡ್ರೀ ಅನ್ನುವವರಿಗೆ ಒಂದು ಮಾತು. .22 ಲಾಂಗ್ ರೈಫಲ್ ಕಾಡತೂಸು ನೋಡಲು ಬೆರಳಿನ ಗೆಣ್ಣಿನಷ್ಟು. ಅದರ ಗುಂಡು 40 ಗ್ರೇನ್, ಅಂದರೆ 2.6 ಗ್ರಾಂ ಸೀಸ. ಆದರೂ ನಳಿಕೆ ಸ್ವಲ್ಪ ಮೇಲೆತ್ತಿ ಹೊಡೆದರೆ ಒಂದೂವರೆ ಕಿಲೋಮೀಟರ್ ದಾಟುತ್ತದೆ. ಮೆತ್ತನೆ ಗುಂಡಾದ್ದರಿಂದ ಕಲ್ಲಿಗೆ ಬಡಿದರೆ ದಿಕ್ಕು ಬದಲಿಸಿ ಚಿಮ್ಮುತ್ತದೆ. ನಮ್ಮ ಜಿಲ್ಲೆಯಲ್ಲಿ ಕಲ್ಲಿಲ್ಲದ ದಿನ್ನೆ ಎಲ್ಲಿದೆ? ಬೇಟೆಯ ಮಾತಂತೂ 1972ರ ವನ್ಯಜೀವಿ ಕಾಯ್ದೆ ಮತ್ತು ಅದರ 1991ರ ತಿದ್ದುಪಡಿಯೊಂದಿಗೆ ಮುಗಿಯಿತು, ಮೊಲವೂ ಇಲ್ಲ, ಕೌಜುಗವೂ ಇಲ್ಲ. ಹಿಂದೆ ಮಣ್ಣಿನ ಒಡ್ಡು ಇರುವ, ಲೈಸನ್ಸ್ ಇರುವ ರೇಂಜೇ ಬೇಕು. ಇಷ್ಟೆಲ್ಲ ಯಾರು ಮಾಡ್ತಾರೆ ಅನ್ನಿಸಿದರೆ 20 ಜೂಲ್ ಒಳಗಿನ .177 ಏರ್ ರೈಫಲ್ ಇದೆ. ಲೈಸನ್ಸ್ ಬೇಡ, 10 ಮೀಟರ್ ಜಾಗ ಸಾಕು. ಅದನ್ನು ಹಗುರವಾಗಿ ಕಾಣಬೇಡಿ, ಉಸಿರು ಮತ್ತು ಟ್ರಿಗರ್ ಕಲಿಯಲು ಅದಕ್ಕಿಂತ ಚಲೋ ಸಾಧನ ಇಲ್ಲ.

ಮೊದಲ ಎರಡು ತಿಂಗಳು ವ್ಯರ್ಥವಾದದ್ದು ಒಂದೇ ಒಂದು ಪದದಿಂದ. ಅರ್ಜಿ ಈಗ ಆನ್‌ಲೈನ್, ನಮೂನೆ ಎ-1. ಅದನ್ನು ತುಂಬಿಕೊಡುವ ಅಂಗಡಿಯ ಹುಡುಗ ಉದ್ದೇಶದ ಕಾಲಮಿನಲ್ಲಿ ತನ್ನ ರೂಢಿಯಂತೆ "ಜೀವ ಹಾಗೂ ಆಸ್ತಿ ರಕ್ಷಣೆ" ಅಂತ ಹೊಡೆದ. "ಎಲ್ಲಾರೂ ಹಿಂಗ ಬರಸ್ತಾರ್ರೀ ಸರ್" ಅಂದ. ಸಹಿ ಬಿತ್ತು. ಐದು ವಾರಕ್ಕೆ ಪ್ರಶ್ನೆ ಬಂತು: ಜೀವಕ್ಕೆ ಯಾರಿಂದ ಅಪಾಯ, ಠಾಣೆಯಲ್ಲಿ ದೂರು ದಾಖಲಾಗಿದೆಯೇ, ರಕ್ಷಣೆಗೆ .22 ರೈಫಲ್ಲೇ ಏಕೆ? ಮೂರಕ್ಕೂ ಉತ್ತರ ಇಲ್ಲ.

1959ರ ಶಸ್ತ್ರಾಸ್ತ್ರ ಕಾಯ್ದೆಯ 13ನೇ ಕಲಮು .22 ರೈಫಲ್ಲಿನ ಹೆಸರೆತ್ತಿಯೇ ಮಾತಾಡುತ್ತದೆ. ಕೇಂದ್ರ ಸರ್ಕಾರದ ಲೈಸನ್ಸ್ ಅಥವಾ ಮಾನ್ಯತೆ ಪಡೆದ ರೈಫಲ್ ಕ್ಲಬ್ಬು, ಸಂಘದ ಸದಸ್ಯರು ಗುರಿ ಅಭ್ಯಾಸಕ್ಕೆ ಕೇಳಿದರೆ ಅದು ಲೈಸನ್ಸ್ ಕೊಡತಕ್ಕ ಕಾರಣ. ಹೀಗಾಗಿ ಕ್ಲಬ್ ಸದಸ್ಯತ್ವ ಮೊದಲು, ಅರ್ಜಿ ಆಮೇಲೆ. ಉದ್ದೇಶ "ಗುರಿ ಅಭ್ಯಾಸ" ಅಂತಲೇ ಇರಲಿ, ಜೊತೆಗೆ ಸದಸ್ಯತ್ವ ಪತ್ರ ಮತ್ತು ಕ್ಲಬ್ಬಿನ ಮಾನ್ಯತೆಯ ನಕಲು. ಹೊಸ ಅರ್ಜಿ ಹೀಗೆ ಹೋದ ಮೇಲೆ ಆ ಮೂರು ಪ್ರಶ್ನೆ ಮತ್ತೆ ಬರಲಿಲ್ಲ.

ಇನ್ನೊಂದು ಕಾಲಮು ಇದಕ್ಕಿಂತ ಮೋಸದ್ದು: ಲೈಸನ್ಸ್ ಯಾವ ಪ್ರದೇಶಕ್ಕೆ ಬೇಕು. ಜಿಲ್ಲೆ ಅಂತ ಬರೆದರೆ ಬಾಗಲಕೋಟೆ ಜಿಲ್ಲೆಗಷ್ಟೇ ಸಿಗುತ್ತದೆ. ಅಭ್ಯಾಸದ ರೇಂಜ್ ಇರುವುದು ಬೆಳಗಾವಿ ಕಡೆ. ರೈಫಲ್ ಹಿಡಿದು ಲೋಕಾಪುರ ದಾಟಿ ಯರಗಟ್ಟಿ ಕಡೆ ಹೊರಟಿರೋ, ಜಿಲ್ಲೆಯ ಗಡಿ ದಾಟಿದ ಕ್ಷಣವೇ ಲೈಸನ್ಸ್ ಇಲ್ಲದ ಬಂದೂಕು ಸಾಗಿಸಿದಂತೆ. ಇಡೀ ಕರ್ನಾಟಕಕ್ಕೆ ಅಂತ ಕೇಳಿ, ಕಾರಣವಾಗಿ ರೇಂಜಿನ ವಿಳಾಸ ಬರೆಯಿರಿ. ಆಮೇಲೆ ತಿದ್ದಿಸಲು ಹೋದರೆ ಅದು ಬೇರೆಯೇ ಫೈಲು.

ತರಬೇತಿಗೆ ಪೊಲೀಸ್ ಇಲಾಖೆ ಡಿಎಆರ್ (ಜಿಲ್ಲಾ ಸಶಸ್ತ್ರ ಮೀಸಲು ಪಡೆ) ಮೈದಾನದಲ್ಲಿ ನಡೆಸುವ ನಾಗರಿಕ ಬಂದೂಕು ತರಬೇತಿ ಇದೆ. ವರ್ಷಪೂರ್ತಿ ನಡೆಯುವುದಿಲ್ಲ, ಎಸ್‌ಪಿ ಆಫೀಸಿನಲ್ಲಿ ಮೊದಲೇ ಹೆಸರು ಕೊಟ್ಟಿಡಬೇಕು. ಬೆಳಗಿನ ಜಾವ ಕರೆಸುತ್ತಾರೆ, ಬೂಟು ಕಡ್ಡಾಯ. ಕೊನೆಗೆ ಬಣ್ಣದ ಅಂಚಿನ ಚೆಂದದ ಪ್ರಮಾಣಪತ್ರ ಕೈಗೆ ಬಂತು, ಅದನ್ನು ಡಿಸಿ ಆಫೀಸಿನ ಮ್ಯಾಜಿಸ್ಟ್ರೇಟ್ ಶಾಖೆಯಲ್ಲಿ ಒಪ್ಪಲಿಲ್ಲ. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ತರಬೇತಿ ಪತ್ರ ಎಸ್-1 ನಮೂನೆಯಲ್ಲಿರಬೇಕು, ವೈದ್ಯರ ಪತ್ರ ಎಸ್-3ರಲ್ಲಿ. ಎರಡೂ ಖಾಲಿ ನಮೂನೆಗಳನ್ನು ನೀವೇ ಪ್ರಿಂಟ್ ತೆಗೆದು ಒಯ್ದು ಅದರ ಮೇಲೇ ಸಹಿ ಶಿಕ್ಕಾ ಹಾಕಿಸಿ. ವೈದ್ಯರ ಪತ್ರದಲ್ಲಿ ದೇಹದ ಜೊತೆ ಮಾನಸಿಕ ಆರೋಗ್ಯದ ಮಾತೂ ಇದೆ. ಅದನ್ನು ಖಾಲಿ ಬಿಟ್ಟು ಸಹಿ ಹಾಕಿದರೆ ಮತ್ತೆ ಒಂದು ಸುತ್ತು.

ಪೊಲೀಸ್ ವರದಿಗೆ ನಿಯಮದಲ್ಲಿ 30 ದಿನ. ನನ್ನದು ಇದಕ್ಕಿಂತ ಬಹಳ ಮುಂದೆ ಹೋಯಿತು. ಕಾಯುವ ದಿನಗಳಲ್ಲಿ ಮಾಡಬೇಕಾದ ಕೆಲಸ ಅಂದರೆ ಪೆಟ್ಟಿಗೆ. ಬೀಟ್ ಪೊಲೀಸರು ಮನೆಗೆ ಬಂದಾಗ ಬಂದೂಕು ಎಲ್ಲಿಡ್ತೀರಿ ಅಂತ ಕೇಳಿಯೇ ಕೇಳುತ್ತಾರೆ. 16 ಗೇಜ್ ತಗಡಿನ, ನಾಲ್ಕೂವರೆ ಅಡಿ ಎತ್ತರದ, ಒಳಗಿನಿಂದ ಗೋಡೆಗೆ ನಾಲ್ಕು ಆಂಕರ್ ಬೋಲ್ಟ್ ಬಿಗಿದ ಪೆಟ್ಟಿಗೆಯನ್ನು ಊರಿನ ವೆಲ್ಡಿಂಗ್ ಅಂಗಡಿಯಲ್ಲೇ ಮಾಡಿಸಿದ್ದು, 8,500 ರೂಪಾಯಿ. ರೈಫಲ್ಲಿನ ಬೋಲ್ಟ್ ಮತ್ತು ಕಾಡತೂಸಿಗೆ ಒಳಗೆ ಬೇರೆ ಕೀಲಿಯ ಖಾನೆ ಮಾಡಿಸಿ. ಮನೆಯಲ್ಲಿ ಮಕ್ಕಳಿದ್ದರೆ ಇದು ತೋರಿಕೆಯ ಮಾತಲ್ಲ.

ಹೊಸ ವರ್ಷಕ್ಕೆ ಲೈಸನ್ಸ್ ಬಂತು. 2019ರ ತಿದ್ದುಪಡಿಯ ನಂತರ ಅವಧಿ ಐದು ವರ್ಷ. ಯುಐಎನ್ (ಲೈಸನ್ಸುದಾರರ ವಿಶಿಷ್ಟ ಗುರುತಿನ ಸಂಖ್ಯೆ), ಬೋರ್ (ನಳಿಕೆಯ ಒಳ ಅಳತೆ), ಪ್ರದೇಶ, ಕಾಡತೂಸಿನ ಮಿತಿ, ಖರೀದಿಗೆ ಕೊಟ್ಟ ಗಡುವು ಇವೆಲ್ಲವನ್ನೂ ಶಾಖೆಯ ಕಿಟಕಿಯಲ್ಲಿ ನಿಂತೇ ಓದಿ ನೋಡಿ. .22 ಬದಲು ಬೇರೆ ಬೋರ್ ಬಿದ್ದರೆ ಅಂಗಡಿಯವ ಬಾಗಿಲಿನಿಂದಲೇ ಕಳಿಸುತ್ತಾನೆ.

ಈಗ ರೈಫಲ್.

ಅಂತರರಾಷ್ಟ್ರೀಯ ಪತ್ರಿಕೆ ನೋಡಿ ಸಿಝಡ್ 457, ಟಿಕ್ಕಾ ಟಿ1ಎಕ್ಸ್ ಅಂತ ಮನಸ್ಸು ಮಾಡಿಕೊಂಡಿದ್ದರೆ ಬಿಟ್ಟುಬಿಡಿ. ಸಾಮಾನ್ಯ ಲೈಸನ್ಸಿನವರಿಗೆ ವಿದೇಶಿ ಬಂದೂಕಿನ ಆಮದು 1980ರ ದಶಕದಿಂದಲೇ ಮುಚ್ಚಿದೆ. ಸ್ಪರ್ಧೆಯಲ್ಲಿ ಅಂಕ ಗಳಿಸಿ "ರಿನೌನ್ಡ್ ಶಾಟ್" ಅನ್ನಿಸಿಕೊಂಡವರಿಗೆ ಮಾತ್ರ ಆ ಬಾಗಿಲು. ಉಳಿದವರಿಗೆ ಮುಖ್ಯವಾಗಿ ಎರಡು ದಾರಿ. ಒಂದು, ಬಂಗಾಳದ ಇಶಾಪುರ ರೈಫಲ್ ಫ್ಯಾಕ್ಟರಿಯ .22 ಸ್ಪೋರ್ಟಿಂಗ್ ರೈಫಲ್. ಈ ಫ್ಯಾಕ್ಟರಿ 2021ರ ಅಕ್ಟೋಬರಿನಿಂದ ಕಾನ್ಪುರದ ಸರ್ಕಾರಿ ಕಂಪನಿ ಎಡಬ್ಲ್ಯುಇಐಎಲ್ ಕೆಳಗೆ ಬರುತ್ತದೆ. ಇನ್ನೊಂದು, ಆಮದು ನಡೆಯುತ್ತಿದ್ದ ಕಾಲದಲ್ಲಿ ಬಂದು ಈಗ ಕೈಯಿಂದ ಕೈಗೆ ದಾಟುತ್ತಿರುವ ಯುರೋಪಿನ ಹಳೆಯ ಬ್ರನೋ, ಬಿಎಸ್ಎ, ವಾಲ್ಟರ್, ಅನ್ಶುಟ್ಜ್. ಜಮಖಂಡಿ, ಮುಧೋಳ ಸಂಸ್ಥಾನಗಳಿದ್ದ ಸೀಮೆ ಇದು. ಹಳೆ ವಾಡೆಗಳ ಕಡೆಯಿಂದ ಆಗಾಗ ಒಂದೊಂದು ಹೊರಬರುತ್ತದೆ.

ಇಶಾಪುರದ್ದರ ದೊಡ್ಡ ಅನುಕೂಲ ಕಾಗದ. ಹೊಸ ನಂಬರು, ಫ್ಯಾಕ್ಟರಿ ಬಿಲ್ಲು, ಲೈಸನ್ಸಿನಲ್ಲಿ ನಂಬರ್ ಎಂಟ್ರಿಗೆ ತಕರಾರಿಲ್ಲ. ಹಳೆ ಬ್ರನೋ ಹಗುರ, ಮೂರು ಕಿಲೋ ಆಸುಪಾಸು, ಐದು ಗುಂಡಿನ ಮ್ಯಾಗಜಿನ್, ವಾಲ್ನಟ್ ಹಿಡಿ. ಮಲಗಿ, ಕೂತು, ನಿಂತು ಎಲ್ಲ ಭಂಗಿಯಲ್ಲೂ ಆಡಬೇಕು ಅನ್ನುವವರಿಗೆ ಇದು ಒಗ್ಗುತ್ತದೆ. ಅನ್ಶುಟ್ಜ್ 54 ಆಕ್ಷನ್ನಿನ ಮ್ಯಾಚ್ ರೈಫಲ್, ಅಂದರೆ ಸ್ಪರ್ಧೆಗೆಂದೇ ಮಾಡಿದ್ದು, ಸಿಕ್ಕರೆ ನಿಖರತೆಯಲ್ಲಿ ಅದರ ಮುಂದೆ ಇವು ಯಾವುವೂ ಇಲ್ಲ. ಆದರೆ ಭಾರ, ಒಂದೊಂದೇ ಗುಂಡು ತುಂಬಬೇಕು, ಡಯಾಪ್ಟರ್ ಸೈಟಿನ (ಸಣ್ಣ ತೂತಿನಲ್ಲಿ ನೋಡಿ ಗುರಿ ಹಿಡಿಯುವ ಸಾಧನ) ಒಂದು ತಿರುಪು ಕಳೆದರೂ ಇಲ್ಲಿ ಸಿಗುವುದಿಲ್ಲ. ನನ್ನ ಅಭಿಪ್ರಾಯ ಕೇಳಿದರೆ: ನಳಿಕೆ ಚಲೋ ಇರುವ ಹಳೆ ಯುರೋಪಿನದು ಸಿಕ್ಕರೆ ಅದು, ನಳಿಕೆಯ ಬಗ್ಗೆ ಕಾಳಿನಷ್ಟು ಅನುಮಾನ ಬಂದರೂ ಹೊಸ ಇಶಾಪುರದ್ದು.

ಆ ಅನುಮಾನ ಪರೀಕ್ಷೆ ಮಾಡುವುದು ಹೇಗೆ ಅನ್ನುವುದೇ ಇದರಲ್ಲಿ ಮುಖ್ಯ ಮಾತು. ಪಾಲಿಶ್, ಕೆತ್ತನೆ, ಹಿಡಿಯ ಬಣ್ಣ ನೋಡಿ ಮರುಳಾಗಬೇಡಿ.

ಮೊದಲು ಬೋಲ್ಟ್ ಹೊರಗೆಳೆದು ಚೇಂಬರಿನ (ನಳಿಕೆಯಲ್ಲಿ ಕಾಡತೂಸು ಕೂರುವ ಗೂಡಿನ) ಬಾಯಿ ನೋಡಿ. .22 ರಿಮ್‌ಫೈರ್. ಪಿನ್ನು ಕಾಡತೂಸಿನ ಅಂಚಿಗೆ ಹೊಡೆಯುತ್ತದೆ, ಮಧ್ಯಕ್ಕಲ್ಲ. ಖಾಲಿ ರೈಫಲ್ಲಿನ ಟ್ರಿಗರ್ ಮತ್ತೆ ಮತ್ತೆ ಎಳೆದಿದ್ದರೆ, ಕೆಲವು ರೈಫಲ್ಲುಗಳಲ್ಲಿ ಪಿನ್ನು ನೇರ ಚೇಂಬರ್ ಅಂಚಿಗೇ ಬಡಿದು ಅಲ್ಲಿ ಉಗುರಿನ ಗೀರಿನಂಥ ತಗ್ಗು ಮಾಡಿರುತ್ತದೆ. ತಗ್ಗಾದ ಜಾಗದ ಲೋಹ ಒಳಗೆ ಉಬ್ಬಿಕೊಳ್ಳುತ್ತದೆ. ನಾನು ನೋಡಿದ ಎರಡನೇ ರೈಫಲ್ ಹೀಗೇ ಇತ್ತು, ಹೊರಗೆ ಕನ್ನಡಿಯಂಥ ಬ್ಲೂಯಿಂಗ್ (ಉಕ್ಕಿನ ನೀಲಿಗಪ್ಪು ಹೊಳಪು), ಒಳಗೆ ಪ್ಲಾಸ್ಟಿಕ್ ಡಮ್ಮಿ (ಮದ್ದಿಲ್ಲದ ಹುಸಿ ಕಾಡತೂಸು) ಕೊನೆಯ ಎರಡು ಮಿಲಿಮೀಟರಿಗೆ ಬಂದು ನಿಂತುಬಿಟ್ಟಿತು. ಡಮ್ಮಿ ತನ್ನ ಭಾರಕ್ಕೆ ತಾನೇ ಜಾರಿ ಕೂರಬೇಕು. ಉಬ್ಬಿದ್ದರೆ ಕಾಡತೂಸು ಸಿಕ್ಕಿಕೊಳ್ಳುತ್ತದೆ, ಇಲ್ಲವೆ ತಗ್ಗಿನ ಮೇಲೆ ಅಂಚಿಗೆ ಆಸರೆ ಸಿಗದೆ ಗುಂಡು ಹಾರುವುದಿಲ್ಲ. ಸಣ್ಣದಿದ್ದರೆ ಕಸುಬುದಾರರು ಐರನಿಂಗ್ ಟೂಲಿನಿಂದ ಲೋಹವನ್ನು ಒತ್ತಿ ಸರಿಮಾಡುತ್ತಾರೆ. ಅಂಗಡಿಯಲ್ಲಿ ಟ್ರಿಗರ್ ನೋಡಬೇಕಾದರೆ ಡಮ್ಮಿ ಹಾಕಿಯೇ ನೋಡಿ. ಜೇಬಿನಲ್ಲಿ ಎರಡು ಒಯ್ಯಿರಿ, ಅಂಗಡಿಯಲ್ಲಿ ಇರುವುದಿಲ್ಲ.

ಎರಡನೆಯದು ನಳಿಕೆ. ಬೋಲ್ಟ್ ತೆಗೆದು ಬಾಯಿಯ ಮುಂದೆ ಬಿಳಿ ಕಾಗದ ಹಿಡಿದು ಹಿಂದಿನಿಂದ ನೋಡಿ. ಒಳಗಿನ ಸುರುಳಿ ಗೆರೆಗಳು ಚೂಪಾಗಿ ಸುತ್ತಬೇಕು. .22ಗೆ 16 ಅಂಗುಲಕ್ಕೆ ಒಂದು ಸುತ್ತು. ಮಸುಕು ಕಂಡರೆ ಸೀಸವೋ ಜಂಗಿನ ಕುಳಿಯೋ ಅಂತ ಗೊತ್ತಾಗಬೇಕು. ಒಣ ಬಟ್ಟೆ ಹತ್ತು ಸಲ ಓಡಿಸಿದ ಮೇಲೂ ಕಪ್ಪು ಚುಕ್ಕೆ ಅಲ್ಲೇ ಇದ್ದರೆ ಅದು ಕುಳಿ, ಹೋಗುವುದಿಲ್ಲ. ಹಳೆ ಕಾಲದ ಕಾಡತೂಸಿನ ಪ್ರೈಮರಿನಲ್ಲಿ ಉಪ್ಪಿನಂಶ ಉಳಿಯುತ್ತಿತ್ತು, ಅಂದೇ ತೊಳೆಯದವರ ರೈಫಲ್ಲುಗಳು ಹೀಗಾಗಿವೆ. ಆಮೇಲೆ ಬಿಗಿಯಾದ ಬಟ್ಟೆಯನ್ನು ರಾಡಿನಿಂದ ಹಿಂದಿನಿಂದ ನಿಧಾನಕ್ಕೆ ತಳ್ಳಿ. ಕೈಗೆ ತಾಗುವ ಬಿಗಿ ಕೊನೆಯ ತನಕ ಒಂದೇ ಸಮ ಇರಬೇಕು. ನಡುವೆ ಒಮ್ಮೆಲೇ ಸಡಿಲಾಗಿ ಮತ್ತೆ ಬಿಗಿಯಾದರೆ ಅಲ್ಲಿ ನಳಿಕೆ ಉಂಗುರದಂತೆ ಉಬ್ಬಿದೆ. ಹಿಂದಿನ ಗುಂಡು ಒಳಗೇ ನಿಂತಿದ್ದಾಗ ಇನ್ನೊಂದು ಹೊಡೆದ ಗುರುತು ಅದು. ಕಾಸು ಕೊಡದೆ ಎದ್ದು ಬನ್ನಿ.

ಮೂರನೆಯದು ಕ್ರೌನ್, ಅಂದರೆ ನಳಿಕೆಯ ಬಾಯಂಚು. ಗುಂಡು ರೈಫಲ್ಲನ್ನು ಕೊನೆಗೆ ಮುಟ್ಟುವ ಜಾಗ. ರಾಡನ್ನು ಬಾಯಿಂದ ತೂರಿಸಿ ತೊಳೆದವರ ಕೈಯಲ್ಲಿ ಅಂಚು ಒಂದು ಬದಿಗೆ ಸವೆದಿರುತ್ತದೆ. ಹತ್ತಿಯ ಉಂಡೆಯನ್ನು ಅಂಚಿನ ಸುತ್ತ ಒಳಗಿನಿಂದ ಆಡಿಸಿದರೆ ಮುರಿದ ಕಡೆ ಎಳೆ ಸಿಕ್ಕಿಕೊಳ್ಳುತ್ತದೆ. ಇದನ್ನು ಲೇಥಿನಲ್ಲಿ ಹೊಸದಾಗಿ ಕಡಿಸಬಹುದು, ಆದರೆ ಲೈಸನ್ಸ್ ಇರುವ ಬಂದೂಕು ರಿಪೇರಿಯವರ ಹತ್ತಿರ ಮಾತ್ರ. ಊರಿನ ಲೇಥಿಗೆ ಒಯ್ದರೆ ಅವನಿಗೂ ತ್ರಾಸು, ನಿಮಗೂ ತ್ರಾಸು.

ಮ್ಯಾಗಜಿನ್ ತುಟಿ ಬಾಗಿದ್ದರೆ ಗುಂಡು ಓರೆಯಾಗಿ ಏರಿ ಸೀಸ ಕೆರೆದುಕೊಳ್ಳುತ್ತದೆ. ಹಳೆ ರೈಫಲ್ಲಿನ ಬಿಡಿ ಮ್ಯಾಗಜಿನ್ ಹುಡುಕುವುದು ರೈಫಲ್ ಹುಡುಕುವುದಕ್ಕಿಂತ ಕಷ್ಟ, ಎರಡು ಇದ್ದರೆ ಬೆಲೆಯಲ್ಲಿ ಸ್ವಲ್ಪ ಹೆಚ್ಚು ಕೊಟ್ಟರೂ ನಷ್ಟವಿಲ್ಲ. ಸೇಫ್ಟಿಯನ್ನು ಎರಡೂ ದಿಕ್ಕಿಗೆ ಆಡಿಸಿ ನೋಡಿ. ಕೆಲವು ಹಳೆಯವುಗಳಲ್ಲಿ ಅದು ನಮ್ಮ ರೂಢಿಗೆ ಉಲ್ಟಾ. ಹಿಡಿಗೂ ನಳಿಕೆಗೂ ನಡುವೆ ಒಂದು ನೋಟು ಜಾರಿಸಿ. ಒಂದೇ ಬದಿಗೆ ತಾಗುತ್ತಿದ್ದರೆ ಬೆಳಗಾವಿಯ ಮಳೆಗಾಲದಲ್ಲಿ ಮರ ಉಬ್ಬಿದಾಗ ಗುರಿ ಒಂದು ಕಡೆ, ನಮ್ಮ ಏಪ್ರಿಲ್ ಬಿಸಿಲಿಗೆ ಇನ್ನೊಂದು ಕಡೆ.

ರಿಸೀವರಿನ, ಅಂದರೆ ಬೋಲ್ಟ್ ಕೂರುವ ಲೋಹದ ಭಾಗದ, ನಂಬರನ್ನು ಮಾರುವವರ ಲೈಸನ್ಸಿನ ನಂಬರಿನ ಜೊತೆ ಒಂದೊಂದೇ ಅಂಕಿ ಓದಿ ತಾಳೆ ನೋಡಿ. ಒಂದು ಅಂಕಿ ಉಜ್ಜಿದಂತಿದ್ದರೂ ಮುಟ್ಟಬೇಡಿ.

ನಾಲ್ಕನೆಯದಾಗಿ ಸಿಕ್ಕ ಬ್ರನೋ ಇವೆಲ್ಲದರಲ್ಲೂ ಪಾಸಾಯಿತು. ಮಾರುವವರು ನಿವೃತ್ತ ಹಿರಿಯರು. "ತಮ್ಮಾ, ಅವಸರ ಮಾಡಬ್ಯಾಡ. ಇದು ನಲವತ್ತೈದು ದಿನದ ಯವಾರ" ಅಂದರು. ಅವರೇ ಸರಿ. ಒಬ್ಬ ಲೈಸನ್ಸುದಾರರು ಇನ್ನೊಬ್ಬರಿಗೆ ನೇರ ಮಾರುವುದಾದರೆ ಕಾಯ್ದೆಯ 5ನೇ ಕಲಮಿನ ಪ್ರಕಾರ ಜಿಲ್ಲಾ ದಂಡಾಧಿಕಾರಿಗೆ ಇಲ್ಲವೆ ಹತ್ತಿರದ ಠಾಣೆಗೆ ಬರವಣಿಗೆಯಲ್ಲಿ ತಿಳಿಸಿ 45 ದಿನ ಕಳೆಯಬೇಕು. ತಿಳಿಸಿದ ಪತ್ರಕ್ಕೆ ಟಪಾಲಿನಲ್ಲಿ ಸ್ವೀಕೃತಿ ಶಿಕ್ಕಾ ಇಲ್ಲದಿದ್ದರೆ ಆ 45 ದಿನ ಶುರುವೇ ಆಗಿಲ್ಲ ಅಂತ ತಿಳಿಯಿರಿ. ನಿಮ್ಮ ಖರೀದಿ ಗಡುವು ಇದರೊಳಗೆ ಮುಗಿಯುತ್ತದೆಯೇ ಅಂತಲೂ ಕ್ಯಾಲೆಂಡರ್ ನೋಡಿ. ಹಣ ಬ್ಯಾಂಕಿನ ಮೂಲಕವೇ ಹೋಗಲಿ. ಕೈಗೆ ಬಂದ ಕೂಡಲೇ ರೈಫಲ್ ಮತ್ತು ಲೈಸನ್ಸ್ ಎರಡನ್ನೂ ಒಯ್ದು ನಂಬರ್ ಎಂಟ್ರಿ ಮಾಡಿಸಬೇಕು. ಒಯ್ಯುವಾಗ ಖಾಲಿ, ಬೋಲ್ಟ್ ಬೇರೆ, ಮುಚ್ಚಿದ ಚೀಲದಲ್ಲಿ.

ದುರ್ಬೀನಿನಲ್ಲಿ ಜನ ಎಡವುವುದು ಎರಡು ಕಡೆ. ಯುರೋಪಿನ ಹೆಚ್ಚಿನ ಟೂ-ಟೂಗಳಿಗೆ ದುರ್ಬೀನಿನ ರಿಂಗು ಕೂರಲು 11 ಮಿ.ಮೀ. ಕಚ್ಚು, ಅಂದರೆ ಡವ್‌ಟೇಲ್. ಅಂಗಡಿಯಲ್ಲಿ ಸುಲಭಕ್ಕೆ ಸಿಗುವ ವೀವರ್ ರಿಂಗ್ ಅಗಲದ್ದು, ಕೂರುವುದೇ ಇಲ್ಲ. ಇನ್ನೊಂದು ಪ್ಯಾರಲಾಕ್ಸ್: ದೊಡ್ಡ ರೈಫಲ್ಲಿನ ದುರ್ಬೀನು 100 ಗಜಕ್ಕೆ ಹೊಂದಿಸಿರುತ್ತದೆ, 25 ಮೀಟರಿನಲ್ಲಿ ಕಣ್ಣು ಸ್ವಲ್ಪ ಸರಿದರೂ ಗೆರೆ ಗುರಿಯ ಮೇಲೆ ಓಡಾಡುತ್ತದೆ. ರಿಮ್‌ಫೈರಿಗೆಂದೇ 50 ಗಜಕ್ಕೆ ಹೊಂದಿಸಿದ್ದು ಅಥವಾ ತಿರುಗಿಸಿ ಹೊಂದಿಸುವಂಥದ್ದು ತಗೊಳ್ಳಿ. ದುರ್ಬೀನಿನ ತಿರುಪಿನ ಕಾಲು ಎಂಒಎ (ಕೋನದ ಅಳತೆ, ಒಂದು ಡಿಗ್ರಿಯ ಅರವತ್ತನೇ ಒಂದು ಭಾಗ) ಕ್ಲಿಕ್ ಅಂದರೆ 50 ಮೀಟರಿನಲ್ಲಿ 3.6 ಮಿ.ಮೀ. ಗುಂಪು (ಕಾಗದದಲ್ಲಿ ಗುಂಡು ಬಿದ್ದ ತೂತುಗಳು) 36 ಮಿ.ಮೀ. ಎಡಕ್ಕೆ ಬಿದ್ದಿದ್ದರೆ ಬಲಕ್ಕೆ ಹತ್ತು ಕ್ಲಿಕ್, ಅಷ್ಟೇ ಲೆಕ್ಕ. ದುರ್ಬೀನು, ರಿಂಗು, ರಾಡು, ಬೋರ್ ಗೈಡ್ (ರಾಡು ನೇರ ಹೋಗುವಂತೆ ಹಿಡಿಯುವ ಕೊಳವೆ) ಸೇರಿ 19 ಸಾವಿರ ಹೋಯಿತು. ಮೊದಲೇ ಎಣಿಸಿಟ್ಟುಕೊಳ್ಳಿ, ರೈಫಲ್ ಬೆಲೆಯ ಗುಂಗಿನಲ್ಲಿ ಇದು ಮರೆತೇ ಹೋಗುತ್ತದೆ.

ರೇಂಜಿನಲ್ಲಿ ಮೊದಲ ದಿನವೇ ತೀರ್ಪು ಕೊಡಬೇಡಿ. .22 ಗುಂಡಿನ ಮೇಲೆ ಮೇಣದ ಲೇಪ ಇರುತ್ತದೆ, ಕಾಡತೂಸಿನ ಬ್ರಾಂಡ್ ಬದಲಿಸಿದಾಗ ನಳಿಕೆಗೆ ಹೊಸ ಲೇಪ ಹತ್ತಲು 10–15 ಗುಂಡು ಬೇಕು. ಅವನ್ನು ಲೆಕ್ಕಕ್ಕೆ ಹಿಡಿಯದೆ, ಆಮೇಲೆ ಐದೈದು ಗುಂಡಿನ ಐದು ಗುಂಪು ಹೊಡೆಯಿರಿ. ಒಂದೇ ಚೆಂದದ ಗುಂಪಿನ ಫೋಟೋ ತೋರಿಸುವವರನ್ನು ನಂಬಬೇಡಿ, ಐದರ ಸರಾಸರಿ ಕೇಳಿ. ಮೂಟೆಯ ಮೇಲಿಟ್ಟು 50 ಮೀಟರಿಗೆ 25 ಮಿ.ಮೀ. ಒಳಗೆ ಕೂತರೆ ಹವ್ಯಾಸದ ರೈಫಲ್ ಚಲೋ ಇದೆ. ಐಎಸ್‌ಎಸ್‌ಎಫ್ (ಅಂತರರಾಷ್ಟ್ರೀಯ ಶೂಟಿಂಗ್ ಒಕ್ಕೂಟ) 50 ಮೀಟರ್ ಕಾಗದದ ಹತ್ತು ಅಂಕದ ವೃತ್ತದ ಅಗಲ 10.4 ಮಿ.ಮೀ. ಅದು ಮ್ಯಾಚ್ ರೈಫಲ್ಲಿನ ಮಾತು.

ಸೆಕೆಂಡಿಗೆ 380 ಮೀಟರಿನ ಹೈ ವೆಲಾಸಿಟಿ ಕಾಡತೂಸು ಬೇಡ, 320–330ರ ಸ್ಟ್ಯಾಂಡರ್ಡೇ ಕೇಳಿ. ವೇಗದ್ದು ಶಬ್ದದ ವೇಗಕ್ಕಿಂತ ಮೇಲೆ ಹೊರಟು ದಾರಿಯಲ್ಲಿ ಅದರ ಕೆಳಗಿಳಿಯುವಾಗ ಅಲುಗುತ್ತದೆ, ಅಡ್ಡಗಾಳಿಗೆ ಹೆಚ್ಚು ಸರಿಯುವುದೂ ಅದೇ. ಸ್ಟ್ಯಾಂಡರ್ಡ್ ಗುಂಡಾದರೂ ತಾಸಿಗೆ 16 ಕಿ.ಮೀ. ಅಡ್ಡಗಾಳಿಗೆ 50 ಮೀಟರಿನಲ್ಲಿ ಎರಡೂವರೆ ಸೆಂಟಿಮೀಟರ್ ಸರಿಯುತ್ತದೆ. ಆಷಾಢದ ಗಾಳಿಯಲ್ಲಿ ರೈಫಲ್ಲಿಗೆ ಬೈಯಬೇಡಿ. ಕಾಡತೂಸಿನ ಡಬ್ಬಿಯನ್ನು ಕಾರಿನ ಡ್ಯಾಶ್‌ಬೋರ್ಡ್ ಮೇಲಿಟ್ಟರೆ ನಮ್ಮ ಬಿಸಿಲಿಗೆ ಮೇಣ ಕರಗಿ ಕೆಳಗಿಳಿದಿರುತ್ತದೆ, ಆಮೇಲೆ ಗುಂಪು ಚದುರುತ್ತದೆ.

ಟ್ರಿಗರ್ ಎಳೆದೂ ಗುಂಡು ಹಾರದಿದ್ದರೆ ನಳಿಕೆ ಒಡ್ಡಿನ ಕಡೆಗೇ ಇಟ್ಟು 30 ಸೆಕೆಂಡ್ ಎಣಿಸಿ ಬೋಲ್ಟ್ ತೆಗೆಯಿರಿ. ಹಾರಿದ ಸದ್ದು "ಟುಸ್" ಅಂತ ಸಪ್ಪಗಿದ್ದರೆ ಇನ್ನೊಂದು ತುಂಬುವ ಮುಂಚೆ ನಳಿಕೆಯೊಳಗೆ ಬೆಳಕು ಕಾಣುತ್ತದೆಯೇ ನೋಡಲೇಬೇಕು. ಮೇಲೆ ಹೇಳಿದ ಉಂಗುರದ ಉಬ್ಬು ಹುಟ್ಟುವುದು ಇಲ್ಲೇ.

ಕೊನೆಯದಾಗಿ, ಯಾರೂ ಮೊದಲೇ ಹೇಳದ ಸಂಗತಿ. ಚುನಾವಣೆ ಘೋಷಣೆಯಾದರೆ ಬಂದೂಕನ್ನು ಠಾಣೆಯಲ್ಲಿ ಇಲ್ಲವೆ ಲೈಸನ್ಸ್ ಇರುವ ಅಂಗಡಿಯಲ್ಲಿ ಠೇವಣಿ ಇಡಲು ನೋಟಿಸು ಬರುತ್ತದೆ. ಎರಡು ತಿಂಗಳು ಅದು ಗೋಡೆಗೆ ಒರಗಿ ನಿಂತಿರುತ್ತದೆ. ಕೊಡುವ ಮುಂಚೆ ನಳಿಕೆಗೆ, ಬೋಲ್ಟಿಗೆ ತೆಳ್ಳಗೆ ಎಣ್ಣೆ ಹಚ್ಚಿ, ದುರ್ಬೀನು ಕಳಚಿ ಮನೆಯಲ್ಲಿಟ್ಟು, ನಾಲ್ಕೂ ಕಡೆಯಿಂದ ಫೋಟೋ ತೆಗೆಯಿರಿ. ಬಟ್ಟೆಯ ಚೀಲ ತೇವ ಹಿಡಿಯುತ್ತದೆ, ಅದರಲ್ಲಿ ಬಿಡಬೇಡಿ. ರಸೀದಿಯಲ್ಲಿ "ಒಂದು ಬಂದೂಕು" ಅಂತ ಬರೆದರೆ ಸಾಲದು. ನಂಬರು, ಬೋಲ್ಟ್ ಒಂದು, ಮ್ಯಾಗಜಿನ್ ಎಷ್ಟು ಅಂತ ಬೇರೆ ಬೇರೆ ಸಾಲಿನಲ್ಲಿ ಬರೆಸಿಕೊಳ್ಳಿ. ವಾಪಸ್ ತರುವ ದಿನ ಮನೆಯಲ್ಲಿ ಎಣ್ಣೆ ಒರೆಸಿ ನಳಿಕೆಗೆ ಒಣ ಬಟ್ಟೆ ಓಡಿಸಿದ ಮೇಲೆಯೇ ರೇಂಜಿಗೆ ಹೊರಡಿ.